ಬೀಗರಿಗೆ ಬಡಿಸಿದ ಹಬ್ಬದೂಟ

ಪ್ರಭುದಾಸ,

ಹೆಸರಿನ ಹಿಂದೆ ಮುಂದೆ ಏನೂ ಸೇರಿಸಲು ಮನಸ್ಸಾಗಲಿಲ್ಲ. ಬರೀ ಹೆಸರೇ ಇರಲಿ.

ಡಿಸೆಂಬರ್ ಶುರುವಾದಾಗ ಕರೆದವನು ನೀನೇ. ಸಕ್ಕರೆ ಕಾಯಿಲೆಯಿಂದ ಕಾಲಿಗೆ ಹುಣ್ಣಾಗಿ ನಿಮ್ಮವ್ವ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ದವಾಖಾನೆಯಲ್ಲಿ ನರ್ಸ್ ಕೆಲಸ ಮುಗಿಸಿ, ದಿನಾ ವಾಡಿಯ ನಿಮ್ಮ ರೈಲ್ವೆ ಕ್ವಾರ್ಟರ್ಸಿಗೆ ಬಂದು ಆ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದವಳು ನಾನು. "ಮೈತ್ರಿ, ಈ ಸಲ ಕ್ರಿಸ್‌ಮಸ್ಸಿಗಿ ಮನಿ ನೀನೇ ಸಿಂಗಾರ ಮಾಡು. ಎಲ್ಲಾರ ಮುಂದ ಒಂದು ಮಾತು ಹೇಳಾದು ಅದ" ಎಂದು ನೀನು ಅಂದಾಗ, ಯಾವ ಮಾತು ಎಂದು ನಾನು ಕೇಳಲೇ ಇಲ್ಲ. ಐದು ವರ್ಷದಿಂದ ಕಾದವಳಿಗೆ ಮತ್ತೆ ಯಾವ ಮಾತು ಹೊಳೆಯಬೇಕು?

ಚಿತ್ತಾಪುರದಲ್ಲಿ ನಮ್ಮವ್ವ, "ಬುದ್ಧವಂದನಾ ಮಾಡೋ ಮನಿ ಹುಡುಗಿ ನೀ, ಅವ್ರು ತಮ್ಮೊಳಗ ಸೇರಿಸ್ಕೋತಾರೇನು?" ಅಂದಳು. ಜಗಳವಾಡಿ ಬಂದೆ. ನಿಮ್ಮ ಕಿಟಕಿಗಳಿಗೆ ಮೆತ್ತಿದ್ದ ಕಾರ್ಖಾನೆಯ ಸಿಮೆಂಟು ಧೂಳನ್ನು ಉಜ್ಜಿ ತೆಗೆದೆ. ನೀನು ತಂದ ಸರ್ವೆ ಟೊಂಗೆ ಬಕೆಟ್ಟಿನಲ್ಲಿ ನಿಲ್ಲದೆ ವಾಲುತ್ತಿತ್ತು. ಸುತ್ತ ಫರ್ಸಿ ಕಲ್ಲಿನ ತುಂಡು ತುರುಕಿ ನಿಲ್ಲಿಸಿದೆವು. ಹತ್ತಿ ಹಿಂಜಿ ಅದರ ಮೇಲೆ ಹಿಮ ಮಾಡಿದೆ, ಯೇಸುಕೂಸಿನ ಗೋದಲಿಗೆ ಜೋಳದ ಒಣ ಕಣಿಕೆ ಹೊದಿಸಿದೆ. ನಕ್ಷತ್ರ ಕಟ್ಟಲು ನೀನು ಸ್ಟೂಲು ಹತ್ತಿದಾಗ ಕೆಳಗೆ ನಾನು ನಗುತ್ತಾ ಅದನ್ನು ಹಿಡಿದು ನಿಂತಿದ್ದೆ. ಆಗಲಾದರೂ ಹೇಳಬಹುದಿತ್ತು ನೀನು.

ಕರ್ಜಿಕಾಯಿ, ಶಂಕರಪೋಳಿ, ಚಕ್ಕುಲಿ ಕರಿದು ಡಬ್ಬಿ ತುಂಬಿಸಿದೆ. ಹಬ್ಬದ ಬೆಳಿಗ್ಗೆ ನೀನು ಚರ್ಚಿಗೆ ಹೋದ ಮೇಲೆ ಮಟನ್ ಬಿರ್ಯಾನಿಗೆ ದಮ್ ಹಾಕುತ್ತಿದ್ದೆ. ನಿಮ್ಮವ್ವ ಕುರ್ಚಿಯಿಂದಲೇ ಕೂಗಿದಳು: "ಇನ್ನೊಂದಿಷ್ಟು ತಾಟು ತೊಳದಿಡವ್ವಾ. ಶಹಾಬಾದದಿಂದ ಬೀಗರು ಬರಾಕತ್ತಾರ."

"ಯಾರ ಬೀಗರ್ರೀ?"

"ನಮ್ಮವರೇ. ಪ್ರಭುನ ಲಗ್ನದ ಮಾತು ಇವತ್ತು ಗಟ್ಟಿ ಮಾಡ್ತಾರ. ನಿನಗ ಹೇಳಿಲ್ಲೇನು ಅವ?" ಆಮೇಲೆ, "ಖಾರ ಕಡಿಮಿ ಹಾಕಬೇಕಿತ್ತು. ಅವ್ರು ತಿನ್ನಂಗಿಲ್ಲ" ಅಂದಳು.

ಆಗಲೇ ಹೊರಟುಬಿಡಬೇಕಿತ್ತು. ನೀನು ಬಂದು ಇದೆಲ್ಲ ಸುಳ್ಳು ಅನ್ನುತ್ತೀಯೆಂದು ನಿಂತೆ. ನೀನು ಅವರನ್ನೇ ಕರೆದುಕೊಂಡು ಬಂದೆ. ಅಡುಗೆಮನೆಗೆ ಇಣುಕಿ, "ಬಿರ್ಯಾನಿ ಆಯ್ತಾ?" ಅಂದೆ.

ಬಡಿಸುವಾಗ ಹುಡುಗಿಯ ತಾಯಿ ಕೇಳಿದಳು, "ಈಕಿ ಯಾರ್ರೀ?"

"ದವಾಖಾನಿ ಹುಡುಗಿ. ನನ್ನ ಕಾಲು ತೊಳಿಯಾಕ ಬರ್ತಾಳ" ಅಂದಳು ನಿಮ್ಮವ್ವ.

ನೀನು ಎಲುಬು ಚೀಪುತ್ತಿದ್ದೆ. ತಲೆ ಎತ್ತಲಿಲ್ಲ.

"ನನ್ನೇ ಲಗ್ನ ಆಗ್ತೀನಂತ ಐದು ವರ್ಷದಿಂದ ಹೇಳ್ಯಾರ್ರೀ ಇವ್ರು" ಅಂದೆ ನಾನು. ತುತ್ತು ಎತ್ತಿದ ಕೈಗಳು ತಾಟಿಗೇ ಇಳಿದವು. ಆಮೇಲೆ ಹುಡುಗಿಯ ತಾಯಿ ತನ್ನ ತಾಟನ್ನು ನನ್ನ ಕಡೆ ಸರಿಸಿದಳು. "ಆಗಿದ್ದು ಆಯ್ತು ಬಿಡವ್ವಾ. ಬಡಸು, ಆರಾಕತ್ತದ."

ಎಲ್ಲರೂ ಮತ್ತೆ ಉಣ್ಣತೊಡಗಿದರು, ನೀನೂ. ಆ ಹುಡುಗಿ ಸುವಾರ್ತಾ ಒಬ್ಬಳೇ ಕೈ ತಡೆದು ಕೂತಿದ್ದಳು. ಅವಳಪ್ಪ ಮೊಣಕೈಯಿಂದ ತಿವಿದ. ಅವಳೂ ತುತ್ತು ಎತ್ತಿದಳು.

ಸೌಟು ಅಲ್ಲೇ ಬಿಟ್ಟು ಸ್ಟೇಷನ್ನಿಗೆ ನಡೆದೆ. ಮನೆಯಲ್ಲಿ ಅವ್ವ ನನ್ನ ಮುಖ ನೋಡಿದಳು. ರೊಟ್ಟಿ ಮುಂದಿಟ್ಟಳು. ಆಗ ಅತ್ತುಬಿಟ್ಟೆ.

ನಿನ್ನೆ ನಿನ್ನ ಫೋನು ಬಂತು. ತಪ್ಪಾಯ್ತು ಅನ್ನಬಹುದೆಂದು ಎತ್ತಿದೆ. "ಅವ್ವನ ಪಟ್ಟಿ ಕಟ್ಟಾಕ ಯಾರೂ ಸಿಗವಲ್ರು, ನಾಳಿಗಿ ಬರ್ತೀಯೇನು?" ಅಂದೆ ನೀನು. ನಾನು ಫೋನ್ ಇಟ್ಟೆ.

ಬರುವುದಿಲ್ಲ. ಗಾಯವನ್ನು ಸಲೈನ್ ನೀರಿನಿಂದ ತೊಳೆ, ಒತ್ತಿ ಒರೆಸಬೇಡ, ಸ್ವಚ್ಛ ಬಟ್ಟೆಯ ಪಟ್ಟಿ ಕಟ್ಟು. ಬೆರಳು ಕಪ್ಪಾದರೆ ತಡಮಾಡದೆ ದವಾಖಾನೆಗೆ ಒಯ್ಯಿ. ಲಗ್ನಕ್ಕೆ ಮೊದಲೇ ಕಲಿತುಕೋ. ಹೊಸ್ತಿಲು ದಾಟಿದ ಮರುದಿನವೇ ಈ ಕೆಲಸವನ್ನು ಆ ಹುಡುಗಿಯ ಕೈಗೆ ಹಾಕಬೇಡ.

ನಿಮ್ಮವ್ವನ ಕಾಲು ಉಳಿಯಲಿ. ಸುವಾರ್ತಾಳಿಗೆ ಇನ್ನೊಮ್ಮೆ ಕೈ ತಡೆಯುವ ಧೈರ್ಯ ಬರಲಿ. ನಿನಗೆ ಹರಸಲು ನನ್ನಲ್ಲಿ ಏನೂ ಉಳಿದಿಲ್ಲ.

ಮೈತ್ರಿ,
ಚಿತ್ತಾಪುರ