ವರ್ಲಿನ್‌ನ ಕೊನೆಯ ಗಿರಾಕಿ

ವಯೋಮಿಂಗ್
ಮಾರ್ಚ್ 9, 2014, ಭಾನುವಾರ

ಪ್ರೀತಿಯ ನೆಡ್ರಾ,

ಕ್ರಿಸ್‌ಮಸ್‌ಗೆ ನೀನು ಕಳಿಸಿದ ಪ್ಲಮ್ ಜಾಮ್ ಖಾಲಿಯಾಗಿ, ಬಾಟಲಿ ತೊಳೆದಿಟ್ಟದ್ದೂ ಆಯಿತು. ಥ್ಯಾಂಕ್ಸ್ ಬರೆಯಲು ಈಗ ಕೂತಿದ್ದೇನೆ. ಎಷ್ಟು ಬೈಯಬೇಕೋ ಬೈದುಕೋ. ಫೋನ್ ಮಾಡಬಹುದಿತ್ತು, ಆದರೆ ನಾನು ಫೋನ್ ಎತ್ತಿದ ಕೂಡಲೇ ನಿನ್ನ ತಮ್ಮ ವರ್ಲಿನ್ ಪಕ್ಕಕ್ಕೆ ಬಂದು ನಿಲ್ಲುತ್ತಾನೆ. ಹೇಳುವುದೆಲ್ಲ ಅವನ ವಿಷಯವೇ ಆಗಿರುವಾಗ ಏನಂತ ಮಾತಾಡಲಿ?

ಇಲ್ಲಿ ಹಿಮ ಇನ್ನೂ ಬೇಲಿಯ ಕೆಳತಂತಿಯ ಮಟ್ಟಕ್ಕಿದೆ. ಪಕ್ಕದ ದನದ ಫಾರ್ಮಿನ ಆರ್ವಿಲ್‌ನ ಹಸುಗಳು ಕರು ಹಾಕಲು ಶುರುಮಾಡಿವೆ, ಆ ಮನುಷ್ಯ ನಿದ್ದೆಗೆಟ್ಟು ದೆವ್ವದ ಹಾಗೆ ಓಡಾಡುತ್ತಿದ್ದಾನೆ. ನನ್ನ ಮಂಡಿನೋವು ಹಾಗೇ ಇದೆ.

"ಇಂಥ ಮರೆವಿನವನ ಮನೆಯಲ್ಲಿ ಬಂದೂಕು ಇಡೋದು ಸರಿಯಾ?" ಅಂತ ನೀನು ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ಹೇಳುತ್ತೇನೆ. ಹೋದ ಶರತ್ಕಾಲದಲ್ಲಿ ಮರೆವು ಅವನ ತಲೆಯಿಂದ ಕೈಗೂ ಇಳಿಯಿತು. ರಿಪೇರಿಗೆ ಬಂದ ಬಂದೂಕಿನ ಸ್ಪ್ರಿಂಗನ್ನು ತಿರುವುಮುರುವಾಗಿ ಕೂರಿಸಿದ್ದ. ಅವತ್ತೇ ಗಿರಾಕಿಗಳ ಬಂದೂಕುಗಳನ್ನೆಲ್ಲ ವಾಪಸು ಕಳಿಸಿಬಿಟ್ಟೆ. ಆಮೇಲೆ ಶುರುವಾಯಿತು ನೋಡು. ಕೆಲಸವಿಲ್ಲದ ಬಡಗಿ ಮಗುವಿನ ಅಂಡು ಕೆತ್ತಿದ ಹಾಗೆ, ಇವನು ಗಡಿಯಾರ ಬಿಚ್ಚಿದ, ಟೋಸ್ಟರ್ ಬಿಚ್ಚಿದ, ವಾಷಿಂಗ್ ಮೆಷಿನ್ನಿಗೂ ಕೈ ಹಾಕಿದ. ಬಿಚ್ಚಲು ಏನೂ ಉಳಿಯದ ದಿನ ಕಿಟಕಿಯ ಪಕ್ಕ ಸುಮ್ಮನೆ ಕೂತ. ಅದನ್ನು ನೋಡಲು ನನ್ನಿಂದಾಗಲಿಲ್ಲ.

ಆಗ ಆರ್ವಿಲ್ ತನ್ನ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಒಂದು ಹಳೆಯ ರಿವಾಲ್ವರ್ ತಂದುಕೊಟ್ಟ. ಹಾವು, ಮೊಲಗಳಿಗೆಂದು ನಮ್ಮ ಜನ ಗಾಡಿಯಲ್ಲಿ ಇಟ್ಟುಕೊಳ್ಳುವಂಥದ್ದು. ಗುಂಡು ಬಟಾಣಿಯಷ್ಟು, ಪ್ರತಿ ಸಲವೂ ಗುಂಡಿಗೆ ಬಡಿಯುವ ಕುದುರೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯಬೇಕು. ನಿನ್ನ ತಮ್ಮ ಜೀವಮಾನವೆಲ್ಲ ರಿಪೇರಿ ಮಾಡಿದ್ದು ಇಂಥವನ್ನೇ. ಮನೆಯಲ್ಲಿದ್ದ ಗುಂಡುಗಳನ್ನೆಲ್ಲ ಆರ್ವಿಲ್ ಹೊತ್ತುಕೊಂಡು ಹೋಗಿದ್ದಾನೆ, ನೀನು ಹೆದರಬೇಡ. "ಹೊಡೆದು ನೋಡ್ಬೇಕು, ಗುಂಡು ತಾ" ಅಂದರೆ, "ಅಂಗಡೀಲಿ ಸ್ಟಾಕೇ ಇಲ್ಲ" ಅನ್ನುತ್ತೇನೆ. ಈ ವರ್ಷ ದೇಶದಲ್ಲೆಲ್ಲ ಗುಂಡಿನ ಅಭಾವ, ಆ ಮಾತು ನಿಜವೂ ಹೌದು.

"ಟಟಲ್ ಅಂತ ಒಬ್ಬರು ಕಳಿಸಿದ್ದಾರೆ, ಅವರಿಗೆ ಅವಸರ ಇಲ್ವಂತೆ" ಅಂದೆ. ಅಂಥ ಟಟಲ್ ಈ ಭೂಮಿಯ ಮೇಲೆ ಇಲ್ಲ. ಆದರೆ ನೆಡ್ರಾ, ಅವನ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು! ಏಪ್ರನ್ ಕಟ್ಟಿದ, ಕನ್ನಡಕ ಒರೆಸಿದ. ತುಕ್ಕು ತೆಗೆದ, ಉಕ್ಕಿಗೆ ಕಡುನೀಲಿ ಬಣ್ಣ ಏರಿಸಿದ, ವಾಲ್‌ನಟ್ ಮರದಲ್ಲಿ ಹೊಸ ಹಿಡಿ ಕೆತ್ತಿದ. ಮುಗಿದ ಮೇಲೆ ಎಣ್ಣೆಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಕೇಳಿದ, "ಏನೂ ಕೆಲಸ ಬಂದಿಲ್ವಾ?"

ನಾನೇನು ಮಾಡಿದೆ ಗೊತ್ತೇ? ಅದನ್ನೇ ಹಿಂದಿನ ಶೆಡ್ಡಿಗೆ ಒಯ್ದು, ವಿನೆಗರ್ ಮತ್ತು ಉಪ್ಪುನೀರಿನ ಬಟ್ಟೆ ಸುತ್ತಿಟ್ಟೆ. ಹಿಡಿಯನ್ನು ಅರದಿಂದ ಉಜ್ಜಿದೆ. ಅಷ್ಟು ಚೆಂದದ ಕೆಲಸ ಕೆಡಿಸಲು ಕೈ ಬರುತ್ತಿರಲಿಲ್ಲ, ಆದರೂ ಕೆಡಿಸಿದೆ. ತುಕ್ಕು ಬಂದ ಮೇಲೆ "ಟಟಲ್ ಇನ್ನೊಂದು ಕಳಿಸಿದ್ದಾರೆ" ಅಂತ ಮೇಜಿನ ಮೇಲಿಟ್ಟೆ. ಅವನಿಗೆ ಗುರುತು ಸಿಗಲಿಲ್ಲ. ಬಿಚ್ಚಿ, ಒಳಗಿನದನ್ನೆಲ್ಲ ಬೆಳಕಿಗೆ ಹಿಡಿದು ನೋಡಿದ.

"ಆರ್ಡಿತ್, ಇಲ್ಬಾ. ಯಾವ್ದೋ ಒಳ್ಳೆ ಕೈ ಇದಕ್ಕೆ ಮುಂಚೇನೇ ಬಿದ್ದಿದೆ ಕಣೇ. ಸ್ಕ್ರೂ ತಲೆ ನೋಡು, ಒಂದು ಗೀರಿಲ್ಲ. ಯಾರು ಅಂತ ಗೊತ್ತಾ?"

"ಗೊತ್ತು. ಒಳ್ಳೆಯವನೇ. ಸ್ವಲ್ಪ ಹಟ ಜಾಸ್ತಿ."

"ಹಟ ಇಲ್ದೋರಿಗೆ ಈ ಕೆಲಸ ಬರಲ್ಲ ಬಿಡು."

ಮದುವೆಯಾದಾಗಿನಿಂದ ಅವನು ತನ್ನ ಕೆಲಸವನ್ನು ತಾನೇ ಹೊಗಳಿದ್ದನ್ನು ನಾನು ಕೇಳಿರಲಿಲ್ಲ. ಅವತ್ತು ಹೊಟ್ಟೆ ತುಂಬ ಕೇಳಿದೆ.

ಅಂದಿನಿಂದ ಇದೇ ನಡೆದಿದೆ. ಅವನು ಹೊಳೆಯಿಸುತ್ತಾನೆ, ನಾನು ತುಕ್ಕು ಹಿಡಿಸುತ್ತೇನೆ. ಟಟಲ್ ಮೇಲೆ ಅವನಿಗೆ ವಿಪರೀತ ಸಿಟ್ಟು. "ಎಂಥ ಮನುಷ್ಯನೇ ಇವನು? ರಿವಾಲ್ವರ್ ಇಟ್ಕೊಂಡು ಈಜೋಕೆ ಹೋಗ್ತಾನಾ?" ಆರ್ವಿಲ್ ಒಮ್ಮೆ ಊಟಕ್ಕೆ ಬಂದಿದ್ದಾಗ ಇದನ್ನು ಕೇಳಿ ನಗು ತಡೆಯಲಾರದೆ ಹೊರಗೆ ಓಡಿದ.

ಆದ್ದರಿಂದ, ನೀನು ಹೇಳಿದ್ದ ಬಿಲ್ಲಿಂಗ್ಸ್‌ನ ಆ ವೃದ್ಧಾಶ್ರಮದ ಮಾತು ಈಗ ಬೇಡ. ಮೇಜಿನ ಮೇಲೆ ಕೆಲಸ ಇರುವ ತನಕ ಅವನು ನಿನ್ನ ತಮ್ಮನೇ, ನನ್ನ ಗಂಡನೇ. ಉಣ್ಣುತ್ತಾನೆ, ಮಲಗುತ್ತಾನೆ. ನಾವು ಚೆನ್ನಾಗಿದ್ದೇವೆ.

ನಿನ್ನ ಮೊಮ್ಮಗಳು ಜೋಲೀನ್‌ಗೆ ನಮ್ಮಿಬ್ಬರ ಮುತ್ತು. ಹೊಟ್ಟೆಯಲ್ಲಿರುವ ಅವಳ ಕೂಸನ್ನು ದೇವರು ತಣ್ಣಗಿಟ್ಟಿರಲಿ.

ನಿನ್ನ
ಆರ್ಡಿತ್

ಮರೆತದ್ದು: ಮರೆತದ್ದಲ್ಲ, ಬಚ್ಚಿಟ್ಟದ್ದು. ಲಕೋಟೆ ಅಂಟಿಸಲು ಹೋದವಳು ಮತ್ತೆ ಕಾಗದ ಬಿಡಿಸಿದೆ. ನಾವು ಚೆನ್ನಾಗಿಲ್ಲ, ನೆಡ್ರಾ.

ಈ ಸಣ್ಣ ರಿವಾಲ್ವರುಗಳಲ್ಲಿ ಗುಂಡಿಲ್ಲದೆ ಟ್ರಿಗರ್ ಒತ್ತಬಾರದು. ಒತ್ತಿದರೆ ಗುಂಡಿನ ಅಂಚಿಗೆ ಬೀಳಬೇಕಾದ ಏಟು ಗುಂಡು ಕೂರುವ ಮನೆಯ ಅಂಚಿಗೇ ಬಿದ್ದು, ಅಲ್ಲಿ ತಗ್ಗಾಗುತ್ತದೆ. ಹಾಗೆ ಮಾಡಿದ ಎಂಥೆಂಥ ದೊಡ್ಡ ಆಳುಗಳನ್ನು ಅವನು ಅಂಗಡಿಯಿಂದ ಆಚೆ ಅಟ್ಟಿದ್ದಾನೋ! ಜನವರಿಯಿಂದ ಅವನೇ ಕಿಟಕಿಯ ಪಕ್ಕ ಕೂತು ಒತ್ತುತ್ತಾನೆ. ಟಕ್, ಟಕ್, ಟಕ್. ನಾನು ಪಾತ್ರೆ ತೊಳೆಯುತ್ತ ಕೇಳಿಸಿಕೊಳ್ಳುತ್ತೇನೆ. ಒಂದು ಸಲವೂ ಬೇಡ ಅಂದಿಲ್ಲ.

ಇವತ್ತು ಚರ್ಚಿನಿಂದ ಬಂದ ಮೇಲೆ ಟಟಲ್‌ನ ರಿವಾಲ್ವರ್ ಮತ್ತೆ ಕೊಟ್ಟೆ. ಬಿಚ್ಚಿ ನೋಡಿದವನ ಮುಖ ಕಪ್ಪಿಟ್ಟಿತು.

"ಯಾರೋ ಇದನ್ನ ಹಾಳ್ ಮಾಡಿದಾನೆ. ಖಾಲಿ ಹೊಡ್ದು ಹೊಡ್ದು ಗುಂಡಿನ ಆರೂ ಮನೆ ಕೆಡಿಸಿದಾನೆ. ಸ್ಕ್ರೂ ನೋಡು, ನಾಯಿ ಕಡಿದ ಹಾಗಿದೆ."

"ಪಾಪ, ವಯಸ್ಸಾದವನು ಇರ್ಬೇಕು" ಅಂದೆ.

"ವಯಸ್ಸಾದ್ರೆ ನಿಲ್ಲಿಸ್ಬೇಕು. ಅವನಿಗೆ ತಿಳೀಲಿಲ್ಲ, ಸರಿ. ಮನೇಲಿ ಹೇಳೋರು ಯಾರೂ ಇರ್ಲಿಲ್ವಾ? ಹೆಂಡ್ತಿ ಇರ್ಲಿಲ್ವಾ?"

"ಇದ್ದಳು. ಅವಳಿಗೆ ಬಾಯಿ ಬರಲಿಲ್ಲ."

"ಜನರೆದುರು ಗಂಡನ ಮರ್ಯಾದೆ ಹೋಗೋದನ್ನ ನೋಡ್ತಾ ಕೂತಿದ್ಳಾ? ಹಾಗಾದ್ರೆ ಅವಳಿಗೆ ಅವನ ಮೇಲೆ ಪ್ರೀತಿ ಇರ್ಲಿಲ್ಲ ಬಿಡು" ಅಂದು ಸ್ಕ್ರೂಡ್ರೈವರ್ ಎತ್ತಿಕೊಂಡ.

ಬೇಗ ಬಾ, ನೆಡ್ರಾ. ಆ ರಿವಾಲ್ವರನ್ನು ಅವನ ಕೈಯಿಂದ ತೆಗೆದುಕೊಳ್ಳಬೇಕು. ನನ್ನಿಂದ ಆಗುತ್ತಿಲ್ಲ.