ಇರುವೆ ಮುಟ್ಟದ ಚರಗ

೩೦ ಡಿಸೆಂಬರ್ ೨೦೨೪, ಸೋಮವಾರ. ಎಳ್ಳ ಅಮಾವಾಸ್ಯೆ.

ಅತ್ತೆಗೆ ಇವತ್ತೂ ಹೇಳಲಾಗಲಿಲ್ಲ.

ಬೆಳಿಗ್ಗೆ ಇಬ್ಬರೂ ಹೊಲಕ್ಕೆ ಹೋಗಿ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ ಬಂದೆವು. ಸಜ್ಜೆ ಕಡುಬು, ಪುಂಡಿಪಲ್ಯ, ಶೇಂಗಾ ಹೋಳಿಗೆ. ಎದೆಮಟ್ಟ ಜೋಳ ನಿಲ್ಲಬೇಕಿದ್ದ ನೆಲದಲ್ಲಿ ಬರೀ ಬಿಳಿ ಉಪ್ಪು. ಸಂಜೆ ಹೋಗಿ ನೋಡಿದರೆ ಎಲ್ಲ ಹಾಗೇ ಬಿದ್ದಿತ್ತು.

“ಒಂದ್ ಇರಿವಿ ಸೈತ ಬಂದಿಲ್ಲಲ್ಲ ಶೈಲಾ,” ಎಂದರು ಅತ್ತೆ. “ತಲಿಮ್ಯಾಲ ನೀರ್ ಹಾಕ್ಕೊಂಡೇ ಅಡಗಿ ಮಾಡೀನಿ. ಏನ್ ತಪ್ಪಾತು?”

ತಪ್ಪು ಅಡುಗೆಯದಲ್ಲ. ಭೂಮಿಯ ಕಾವಿನಿಂದ ಕರೆಂಟು ತೆಗೆಯುವ ಕಂಪನಿಯವರು ನೆಲದಾಳದಿಂದ ಬಂದ ಬಿಸಿನೀರನ್ನು ಹಳ್ಳಕ್ಕೆ ಬಿಡುತ್ತಿದ್ದರು. ನೀರು ದಂಡವಾಗುವುದನ್ನು ನೋಡಲಾರದೆ, “ಸಾಹೇಬ್ರ, ನಮ್ಮ ಹೊಲಕ್ಕ ಬಿಡ್ರಿ, ಆರಿಸಿ ಹಾಯಿಸ್ಕೋತೀವಿ,” ಎಂದು ಕೈಮುಗಿದವಳು ನಾನು. ನೀರು ಬಂದ ದಿನ ಅದಕ್ಕೆ ಕುಂಕುಮ ಏರಿಸಿದವಳೂ ನಾನೇ. ಅದರಲ್ಲಿ ಉಪ್ಪಿದೆಯೆಂದು ತಿಳಿದದ್ದು ಆಮೇಲೆ; ಈಗ ಬಾವಿಯೂ ಉಪ್ಪಾಗಿದೆ. ಕಂಪನಿಯವರೇ ಹೊಲಕ್ಕೆ ನೀರು ನುಗ್ಗಿಸಿದರೆಂದು ಅತ್ತೆ ಇನ್ನೂ ಶಾಪ ಹಾಕುತ್ತಾರೆ. ನಾನು ಹೂಂಗುಟ್ಟುತ್ತೇನೆ.

ಒಳಗೆ ಜರಡಿಯ ಸದ್ದು ಕೇಳುತ್ತಿದೆ. ನಾಳೆ ಇನ್ನಷ್ಟು ಮಡಿಯಿಂದ ಮತ್ತೆ ಕಡುಬು ಮಾಡುತ್ತಾರಂತೆ. ಎದ್ದು ಹೋಗಿ ಹೇಳಿಬಿಡಬೇಕು: ಅತ್ತೆ, ಹಿಟ್ಟು ಕೆಳಗಿಡ್ರಿ, ಆ ನೀರು ಬೇಡಿದಾಕಿ ನಾನು—