ಪ್ರಮಾಣಕ್ಕೆ ಎತ್ತುವ ಕೈ

ಬೊಮ್ಮಸಂದ್ರ
ಗುರುವಾರ

ಪ್ರೀತಿಯ ಲೋಕೇಶಣ್ಣನಿಗೆ,

ಮದುವೆಯಾಗಿ ಹತ್ತೊಂಬತ್ತು ದಿನವಾಯಿತು, ನನಗಿನ್ನೂ ನೆಲದ ಮೇಲೆ ಕಾಲೇ ನಿಲ್ಲುತ್ತಿಲ್ಲ! ನಮ್ಮ ಯಜಮಾನರು ಸುಜಯ್ ಈಗ ಫ್ಯಾಕ್ಟರಿಯ ಎಚ್‌ಆರ್ ಮ್ಯಾನೇಜರ್ ಮಾತ್ರವಲ್ಲ, ನಿಮ್ಮ ಜಾಗದಲ್ಲಿ ವಾಲಿಬಾಲ್ ಕ್ಯಾಪ್ಟನ್ ಕೂಡ.

ಭಾನುವಾರ ಪಂದ್ಯಾವಳಿ. ಕ್ರೀಡಾ ಪ್ರಮಾಣವಚನವನ್ನು ನೀವೇ ಬೋಧಿಸಬೇಕು. ಹೋದ ವರ್ಷ ನೀವು ಕೈ ಎತ್ತಿ "ನ್ಯಾಯವಾಗಿ ಆಡುತ್ತೇವೆ" ಎಂದಾಗ ನನ್ನ ಕಣ್ಣು ತುಂಬಿತ್ತು. ಅದೇ ಸಂಜೆ ಫೈನಲ್‌ನ ಕೊನೆಯ ಪಾಯಿಂಟನ್ನು ಅಂಪೈರ್ ನಮಗೆ ಕೊಟ್ಟರೂ ನೀವು ಮತ್ತೆ ಕೈ ಎತ್ತಿ, "ಸಾರ್, ಚೆಂಡು ನನ್ ಬೆರಳಿಗೆ ತಾಗಿ ಹೊರಗೆ ಹೋಯ್ತು, ಪಾಯಿಂಟ್ ಅವ್ರದ್ದು" ಅಂದುಬಿಟ್ಟಿರಿ. ಕಪ್ ಹೋಯಿತು. ಮರುವಾರ ನಿಮ್ಮ ಕಾಂಟ್ರಾಕ್ಟ್ ಮುಗಿದದ್ದಕ್ಕೂ ಅದಕ್ಕೂ ಸಂಬಂಧವಿಲ್ಲವಂತೆ. ಸುಜಯ್ ಆಣೆ ಮಾಡಿ ಹೇಳಿದರು.

"ಲೋಕೇಶ್ ಪ್ರಮಾಣ ಓದಿದ್ರೆ ಮೈ ಜುಂ ಅನ್ನುತ್ತೆ ಕಣ್ರೀ" ಎಂದು ದೊಡ್ಡ ಸಾಹೇಬರೇ ಹೇಳಿದ್ದಾರೆ. ಏಳನೇ ನಂಬರಿನ ಆ ಹಳೆಯ ಜರ್ಸಿ ಹಾಕಿಕೊಂಡು ಬನ್ನಿ. ಈಗ ಆ ನಂಬರ್ ಸುಜಯ್‌ದು, ಹಾಗಾಗಿ ಫೋಟೋ ಮುಗಿದ ತಕ್ಷಣ ಬಿಚ್ಚಿಕೊಡಿ. ಒಳಗೆ ಬೇರೆ ಅಂಗಿ ಇರಲಿ.

ಇನ್ನೊಂದು ಸಿಹಿಸುದ್ದಿ! ಈ ಸಲ ಗೆರೆಯ ಬಳಿ ಬಾವುಟ ಹಿಡಿದು ನಿಲ್ಲುವ ಲೈನ್ ಅಂಪೈರ್ ನೀವೇ. ನಿಮ್ಮ ಹೆಸರು ಕೇಳಿದ ಕೂಡಲೇ ಎದುರಾಳಿ ತಂಡದವರೆಲ್ಲ ಒಪ್ಪಿಬಿಟ್ಟರಂತೆ, ಅಷ್ಟು ನಂಬಿಕೆ!

ಕೆಲಸಕ್ಕೆಂದು ನೀವು ಕೊಟ್ಟಿದ್ದ ಅರ್ಜಿ ಸುಜಯ್ ಮೇಜಿನ ಮೇಲಿದೆ. ಕಪ್ ಗೆದ್ದರೆ ಸೋಮವಾರವೇ ಸಹಿ ಹಾಕುತ್ತಾರೆ. ಪ್ರಮಾಣಕ್ಕೆ ಚೆನ್ನಾಗಿ ಕೈ ಎತ್ತಿ, ಅಣ್ಣ. ಆಮೇಲೆ ಚೆಂಡು ನಮ್ಮವರ ಯಾರ ಬೆರಳಿಗೆ ತಾಗಿದರೂ ಬಾವುಟ ಎತ್ತಬೇಡಿ.

ನಿಮ್ಮ ದಾರಿ ನೋಡುವ ತಂಗಿ,
ತನ್ಮಯಿ ಸುಜಯ್